ಎಲ್ಲರೂ ಪಾಸಾದ ವರ್ಷದ ಬಾಕಿ ಲೆಕ್ಕ

2021ರ ಆಗಸ್ಟ್ 9ರಂದು ಕರ್ನಾಟಕದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆ ಬರೆದ 8.7 ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಅನುತ್ತೀರ್ಣರಾದವರು ಒಬ್ಬರೇ ಒಬ್ಬರು. ಆ ಒಬ್ಬರೂ ತಮ್ಮ ಬದಲಿಗೆ ಬೇರೊಬ್ಬರನ್ನು ಪರೀಕ್ಷೆಗೆ ಕಳುಹಿಸಿ ಸಿಕ್ಕಿಬಿದ್ದ ಪ್ರಕರಣ. 157 ಮಂದಿ 625ಕ್ಕೆ 625 ಅಂಕ ಪಡೆದಿದ್ದರು. ಕೆಲವರು ಸಿಹಿ ಹಂಚಿದರು, ಕೆಲವರು ನಕ್ಕರು. 'ಕೊರೊನಾ ಪಾಸ್' ಎಂಬ ಮಾತು ಅಂದೇ ಹುಟ್ಟಿಕೊಂಡಿತು.

ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿ ಹೊರಟ ಕುರುಬನ ಸಾಮತಿ ನಮಗೆಲ್ಲ ಬಾಯಿಪಾಠವಾಗಿದೆ. ಆದರೆ ಈ ಫಲಿತಾಂಶದಲ್ಲಿ ಕಳೆದುಹೋದ ಕುರಿ ಆ ಅನುತ್ತೀರ್ಣ ವಿದ್ಯಾರ್ಥಿಯಲ್ಲ. ನಿಜವಾಗಿ ಕಳೆದುಹೋದವರ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಅವರ ಲೆಕ್ಕ ಇಂದಿಗೂ ಬಾಕಿ ಇದೆ. ಅದನ್ನು ಈಗ ಎತ್ತುವುದೇಕೆ ಎಂದು ಓದುಗರು ಕೇಳಬಹುದು. ಆ ಬಾಕಿಯ ಬಡ್ಡಿ ಈಗ ಕಾಣಿಸತೊಡಗಿದೆ ಎಂಬುದೇ ನಮ್ಮ ಉತ್ತರ.

ಮೊದಲು 2020ನ್ನು ನೆನೆಯೋಣ. ಆ ವರ್ಷ ಪರೀಕ್ಷೆ ಮಾರ್ಚ್ 27ಕ್ಕೆ ಆರಂಭವಾಗಬೇಕಿತ್ತು. ಕೊರೊನಾ ಬಂತು, ಮುಂದಕ್ಕೆ ಹೋಯಿತು. ತೆಲಂಗಾಣ ಮತ್ತು ತಮಿಳುನಾಡು ಹತ್ತನೇ ತರಗತಿ ಪರೀಕ್ಷೆಯನ್ನೇ ರದ್ದುಪಡಿಸಿದವು. ಅಂದಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರು ಮಾತ್ರ ಪರೀಕ್ಷೆ ನಡೆಸಿಯೇ ತೀರುವುದಾಗಿ ಹೇಳಿ, ಜೂನ್ 25ರಿಂದ ಜುಲೈ ಮೊದಲ ವಾರದವರೆಗೆ ನಡೆಸಿದರು. ಮಾಸ್ಕ್, ಸ್ಯಾನಿಟೈಸರ್, ಬಾಗಿಲಲ್ಲಿ ಜ್ವರದ ತಪಾಸಣೆ. ಕಾಸರಗೋಡಿನ ಕಡೆಯ ಮಕ್ಕಳು ಮುಚ್ಚಿದ ಗಡಿಯನ್ನು ತಲಪಾಡಿಯಲ್ಲಿ ದಾಟಿ ಬಂದು ಮಂಗಳೂರು ಭಾಗದ ಕೇಂದ್ರಗಳಲ್ಲಿ ಬರೆದರು. ಎಷ್ಟೋ ತಾಯಂದಿರು ಅಂದು ಶಾಲೆಯ ಗೇಟಿನ ಹೊರಗೆ ಜಪಸರ ಹಿಡಿದು ನಿಂತಿದ್ದರು.

ಫಲಿತಾಂಶ ಶೇ. 71.80 ಬಂತು. ಹಿಂದಿನ ವರ್ಷ, ಅಂದರೆ 2019ರಲ್ಲಿ, ಶೇ. 73.70 ಇತ್ತು. ವ್ಯತ್ಯಾಸ ಎರಡು ಅಂಶಕ್ಕಿಂತ ಕಡಿಮೆ. ಇದರ ಅರ್ಥ ಸರಳ. 2020ರ ಮಕ್ಕಳು ಮಾರ್ಚ್‌ಗೆ ಮೊದಲೇ ಪಾಠ ಮುಗಿಸಿದ್ದರು. ಅವರು ಅನುಭವಿಸಿದ್ದು ಭಯವನ್ನು. ಪಾಠವನ್ನೇ ಕಳೆದುಕೊಂಡವರು ಅವರ ಹಿಂದೆ ಬಂದ ಮಕ್ಕಳು.

ಆ ಹಿಂದೆ ಬಂದವರ ಕಷ್ಟ ತಿಳಿಯಲು ಕರಾವಳಿಯ ಓದುಗರು ಸ್ವಲ್ಪ ಹೊತ್ತು ಘಟ್ಟ ಹತ್ತಬೇಕು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಸಾಮಾನ್ಯವಾಗಿ ಫಲಿತಾಂಶದ ಪಟ್ಟಿಯ ಮೇಲ್ಭಾಗದಲ್ಲಿರುವುದರಿಂದ ನಮ್ಮ ಊರನ್ನೇ ನೋಡುತ್ತಾ ಕುಳಿತರೆ ಪೂರ್ತಿ ಚಿತ್ರ ಸಿಗುವುದಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲೂಕಿನಲ್ಲಿ ತ್ಯಾವಣಿಗೆ ಎಂಬ ಊರಿದೆ. ಅಡಿಕೆ, ಭತ್ತದ ಸೀಮೆ. ನಮ್ಮ ಸಭೆಯ ಲೆಕ್ಕದಲ್ಲಿ ಅದು ಶಿವಮೊಗ್ಗ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಬರುತ್ತದೆ. ಕರಾವಳಿಯಿಂದ ಹೋದ ಎಷ್ಟೋ ಗುರುಗಳು, ಧರ್ಮಭಗಿನಿಯರು ಆ ಧರ್ಮಪ್ರಾಂತ್ಯದಲ್ಲಿ ಸೇವೆ ಮಾಡಿದ್ದಾರೆ. ತ್ಯಾವಣಿಗೆಯಂಥ ಊರಿನಲ್ಲಿ, ಸ್ವಂತ ತೋಟವಿಲ್ಲದೆ ದಿನಗೂಲಿಗೆ ಹೋಗುವ ಮನೆಯ ಹುಡುಗನೋ ಹುಡುಗಿಯೋ 2020ರ ಜೂನ್‌ನಲ್ಲಿ ಹತ್ತನೇ ತರಗತಿಗೆ ಬಂದರೆ ಏನಾಗುತ್ತಿತ್ತು ಎಂದು ಯೋಚಿಸೋಣ.

ಶಾಲೆ ತೆರೆಯಲಿಲ್ಲ. ಜುಲೈಯಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಆರಂಭವಾದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಜಗಲಿ, ಮರದ ನೆರಳಲ್ಲಿ ಪಾಠ ಮಾಡಿದರು. ಬಡ ಮಕ್ಕಳ ಪಾಲಿಗೆ ಮೊಬೈಲಿಗಿಂತ ಉಪಯುಕ್ತವಾದ ಯೋಜನೆ ಅದು. ಆದರೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗಲಿದ ಸುದ್ದಿ ಬಂದು ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಅದೇ ಹೊತ್ತಿಗೆ ಆ ಸೀಮೆಯಲ್ಲಿ ಅಡಿಕೆ ಕೊಯ್ಲು. ಕೊಯ್ಯಲು, ಸುಲಿಯಲು, ಬೇಯಿಸಿ ಒಣಗಿಸಲು ಕೈಗಳು ಬೇಕು. ಶಾಲೆ ಇಲ್ಲ, ಮನೆಯಲ್ಲಿ ಹಣವಿಲ್ಲ, ಕರೆದಲ್ಲಿ ಕೂಲಿ ಇದೆ. ಹದಿನೈದರ ಮಗು ದುಡಿಮೆಗೆ ಹೋದರೆ ಬೇಡವೆನ್ನಲು ಅಂಥ ಮನೆಗಳಲ್ಲಿ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಇನ್ನೊಂದು ಅಪಾಯವಿತ್ತು. ಲಾಕ್‌ಡೌನ್ ತಿಂಗಳುಗಳಲ್ಲಿ ಖರ್ಚಿಲ್ಲದೆ ಮದುವೆ ಮುಗಿಸುವ ಆಸೆಗೆ ಬಿದ್ದ ಮನೆಗಳು ನಮ್ಮ ರಾಜ್ಯದಲ್ಲೂ ಇದ್ದವು.

ಕರಾವಳಿಯಲ್ಲಿ ಎಲ್ಲವೂ ಸುಗಮವಾಗಿತ್ತು ಎಂದಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ವಿದ್ಯಾರ್ಥಿನಿಯೊಬ್ಬಳು ಸುರಿವ ಮಳೆಯಲ್ಲಿ, ನೆಟ್‌ವರ್ಕ್ ಸಿಗುವ ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದಾಗ ಆಕೆಯ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಆಕೆಗೆ ಕೊಡೆ ಹಿಡಿಯಲು ಅಪ್ಪನಿದ್ದ. ಆ ಹೊತ್ತಿಗೆ ಹೊಲದಲ್ಲಿದ್ದ ಅಪ್ಪಂದಿರ ಚಿತ್ರ ಯಾರೂ ತೆಗೆಯಲಿಲ್ಲ.

2021ರ ಜನವರಿ 1ರಂದು ಹತ್ತನೇ ತರಗತಿ ಮತ್ತೆ ತೆರೆಯಿತು. ಪಠ್ಯದಲ್ಲಿ ಶೇ. 30ರಷ್ಟು ಕಡಿತವಾಯಿತು. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಮತ್ತೆ ಬಾಗಿಲು ಮುಚ್ಚಿತು. ಇಡೀ ವರ್ಷಕ್ಕೆ ಸಿಕ್ಕಿದ್ದು ನಾಲ್ಕು ತಿಂಗಳೂ ತುಂಬದ ತರಗತಿ. ಮೇ ತಿಂಗಳಲ್ಲಿ ಮನೆ ಮನೆಯಲ್ಲಿ ಸಾವು. ಇಂಥ ಸ್ಥಿತಿಯಲ್ಲಿ ಸರ್ಕಾರ ದ್ವಿತೀಯ ಪಿಯು ಪರೀಕ್ಷೆಯನ್ನು ರದ್ದುಪಡಿಸಿ, ಹಿಂದಿನ ಅಂಕಗಳ ಆಧಾರದಲ್ಲಿ ಎಲ್ಲರನ್ನೂ ಉತ್ತೀರ್ಣಗೊಳಿಸಿತು. ಎಸ್‌ಎಸ್‌ಎಲ್‌ಸಿಗೆ ಜುಲೈ 19 ಮತ್ತು 22ರಂದು ಎರಡೇ ದಿನದ ಪರೀಕ್ಷೆ. ಮೊದಲ ದಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಎರಡನೇ ದಿನ ಮೂರು ಭಾಷೆಗಳು. ಉತ್ತರ ಆರಿಸಿ ಓಎಂಆರ್ ಹಾಳೆಯಲ್ಲಿ ಗುರುತು ಮಾಡುವ ಕ್ರಮ. ಯಾರನ್ನೂ ಫೇಲು ಮಾಡುವುದಿಲ್ಲ ಎಂದು ಮೊದಲೇ ಹೇಳಲಾಗಿತ್ತು.

ಈ ತೀರ್ಮಾನ ಸರಿಯೇ? ಸರಿ ಎಂದೇ ನಾವು ಭಾವಿಸುತ್ತೇವೆ. ಪಾಠ ಹೇಳಿಕೊಡದೆ ಫೇಲು ಮಾಡುವುದು ನ್ಯಾಯವಲ್ಲ. ಪರೀಕ್ಷೆಯನ್ನು ಪೂರ್ತಿ ಕೈಬಿಡದೆ ಇದ್ದದ್ದೂ ಒಳ್ಳೆಯದಾಯಿತು. ಹಳ್ಳಿಯ ಬಡ ಮಗುವಿಗೆ ಹತ್ತನೇ ತರಗತಿಯ ಅಂಕಪಟ್ಟಿಯೇ ಮೊದಲ ಆಸ್ತಿ. ಐಟಿಐ ಸೇರಲು ಬೇಕು, ಚಿಕ್ಕ ಸರ್ಕಾರಿ ನೌಕರಿಗೂ ಬೇಕು. ತಪ್ಪಾದದ್ದು ಬೇರೆ ಕಡೆ. ಫಲಿತಾಂಶ ಬಂದ ದಿನವೇ ಕೆಲಸ ಮುಗಿಯಿತೆಂದು ಸರ್ಕಾರ, ಶಾಲೆ, ಪೋಷಕರು, ನಾವು ಎಲ್ಲರೂ ಕೈತೊಳೆದುಕೊಂಡೆವು.

ಆ ಮಕ್ಕಳು ಕೈಲಾಗದವರಾಗಿರಲಿಲ್ಲ. 2021ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯು ಸೇರಿದವರು 2023ರಲ್ಲಿ ಪೂರ್ಣ ಪ್ರಮಾಣದ ದ್ವಿತೀಯ ಪಿಯು ಪರೀಕ್ಷೆ ಬರೆದರು. ಆ ವರ್ಷದ ಫಲಿತಾಂಶ ಶೇ. 74.67. ಆದ್ದರಿಂದ 'ಕೊರೊನಾ ಬ್ಯಾಚ್' ಎಂದು ಮೂಗು ಮುರಿಯುವವರು ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು. ಆದರೆ ಇನ್ನೊಂದು ಲೆಕ್ಕವೂ ಇದೆ. ಹತ್ತನೆಯದನ್ನು ದಾಟಿದವರು 8.7 ಲಕ್ಷ. ಎರಡು ವರ್ಷದ ನಂತರ ಪಿಯು ಪರೀಕ್ಷೆಗೆ ಹಾಜರಾದವರು, ಹಳೆಯ ಅಭ್ಯರ್ಥಿಗಳೂ ಸೇರಿ, ಸುಮಾರು 7 ಲಕ್ಷ. ಉಳಿದವರಲ್ಲಿ ಐಟಿಐ, ಡಿಪ್ಲೊಮಾ ಸೇರಿದವರು ಅನೇಕರು. ಯಾವುದಕ್ಕೂ ಸೇರದವರೂ ಇದ್ದಾರೆ. ಅವರನ್ನು ಹೆಸರು ಹಿಡಿದು ಎಣಿಸುವ ಕೆಲಸ ಊರಿನವರೇ ಮಾಡಬೇಕಾದದ್ದು.

ಇನ್ನು ಬಡ್ಡಿಯ ಮಾತು. 2021ರ ಆರಂಭದಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಎರಡರಿಂದ ಆರನೇ ತರಗತಿಯ ಸರ್ಕಾರಿ ಶಾಲಾ ಮಕ್ಕಳನ್ನು ಪರೀಕ್ಷಿಸಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಮರೆತವರು ಶೇ. 92. ಗಣಿತದಲ್ಲಿ ಹಾಗೆ ಮರೆತವರು ಶೇ. 82. ಅಂದು ಆರನೇ ತರಗತಿಯಲ್ಲಿದ್ದ ಮಕ್ಕಳು ಎಸ್‌ಎಸ್‌ಎಲ್‌ಸಿ ಬರೆದದ್ದು 2025ರಲ್ಲಿ. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ 2024ರಲ್ಲಿ ಕೃಪಾಂಕ ಕೊಟ್ಟೂ ಶೇ. 73.40ಕ್ಕೆ ಇಳಿಯಿತು. ಕೃಪಾಂಕ ನಿಲ್ಲಿಸಿದ 2025ರಲ್ಲಿ ಮೊದಲ ಪರೀಕ್ಷೆಯಲ್ಲಿ ಶಾಲಾ ವಿದ್ಯಾರ್ಥಿಗಳ ಫಲಿತಾಂಶ ಶೇ. 66.14. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದು ನಕಲು ಕಡಿಮೆಯಾದದ್ದು ಇದಕ್ಕೆ ಒಂದು ಕಾರಣ, ನಿಜ. ಆದರೆ ಐದು, ಆರನೇ ತರಗತಿಯಲ್ಲಿ ಭಾಗಾಕಾರ ಕಲಿಯಬೇಕಿದ್ದ ಹೊತ್ತಿಗೆ ಶಾಲೆಯೇ ಇಲ್ಲದ ಮಗು ಹತ್ತರಲ್ಲಿ ಬೀಜಗಣಿತದ ಮುಂದೆ ಸೋತು ಕುಳಿತರೆ, ಅದಕ್ಕೆ ಕ್ಯಾಮೆರಾ ಹೊಣೆಯಲ್ಲ.

2025ರಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲು ಬಂತು, ಉಡುಪಿ ಎರಡನೆಯದು. ಕೊನೆಯಲ್ಲಿ ಕಲಬುರಗಿ, ಶೇ. 42.43. ಇದನ್ನು ಓದಿ ಬೀಗುವುದು ಕ್ರೈಸ್ತರಾದ ನಮಗೆ ಶೋಭಿಸುವುದಿಲ್ಲ. ಮನೆಯಲ್ಲಿ ಓದಿದ ತಂದೆ ತಾಯಿ, ಹತ್ತಿರದಲ್ಲಿ ಒಳ್ಳೆಯ ಶಾಲೆ, ಕಲಿಸಲು ಧರ್ಮಭಗಿನಿಯರು, ಇವೆಲ್ಲ ನಮಗೆ ಮೊದಲೇ ಸಿಕ್ಕಿದ್ದವು. ಹೆಚ್ಚು ಪಡೆದವರಿಂದ ಹೆಚ್ಚು ಕೇಳಲಾಗುತ್ತದೆ ಎಂಬುದು ಪ್ರಭುವಿನ ಬೋಧನೆ.

ಹಾಗಾದರೆ ಮಾಡುವುದೇನು? ಮೂರು ಕೆಲಸಗಳನ್ನು ಸೂಚಿಸುತ್ತೇವೆ. ಮೊದಲನೆಯದು, ಪ್ರತಿ ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ 2020 ಮತ್ತು 2021ರಲ್ಲಿ ಶಾಲೆ ಬಿಟ್ಟವರು ಯಾರು ಎಂದು ಮನೆ ಭೇಟಿಯಲ್ಲಿ ವಿಚಾರಿಸಲಿ, ಜಾತಿ ಮತ ನೋಡದೆ ನೆರೆಮನೆಯವರನ್ನೂ ಸೇರಿಸಿಕೊಳ್ಳಲಿ. ಅವರಿಗೆ ಈಗ ಇಪ್ಪತ್ತು ದಾಟಿದೆ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟುವ ದಾರಿ ಇದೆ ಎಂಬುದು ಎಷ್ಟೋ ಮಂದಿಗೆ ತಿಳಿದಿಲ್ಲ. ಅರ್ಜಿ ತುಂಬಿಕೊಡಲು ಒಬ್ಬ ಯುವಕನೋ ಯುವತಿಯೋ ಸಾಕು. ಶುಲ್ಕಕ್ಕೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಮುಂದೆ ಬರಬಹುದು.

ಎರಡನೆಯದು, ಈಗ ಎಂಟು, ಒಂಬತ್ತರಲ್ಲಿರುವ ಮಕ್ಕಳು. ಶಾಲೆಗಳು ಮುಚ್ಚಿದ್ದಾಗ ಅವರು ಅಕ್ಷರ ಕಲಿಯುವ ವಯಸ್ಸಿನವರು. ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು, ಸುಮಾರು ಹತ್ತೊಂಬತ್ತು ತಿಂಗಳ ನಂತರ. ನಮ್ಮ ಧರ್ಮಕೇಂದ್ರಗಳ ಸಭಾಭವನಗಳು ಸಂಜೆ ಖಾಲಿ ಇರುತ್ತವೆ. ನಿವೃತ್ತ ಶಿಕ್ಷಕರು ವಾರಕ್ಕೆ ಎರಡು ಸಂಜೆ ಕೊಟ್ಟರೆ ಮಗ್ಗಿ, ಭಾಗಾಕಾರ, ಗಟ್ಟಿಯಾಗಿ ಓದುವುದು, ಇಷ್ಟನ್ನಾದರೂ ಸರಿಪಡಿಸಬಹುದು.

ಮೂರನೆಯದಕ್ಕೆ ಖರ್ಚೇ ಇಲ್ಲ. ಕೆಲಸ ಕೇಳಿ ಬಂದ ಹುಡುಗನ ಅಂಕಪಟ್ಟಿಯಲ್ಲಿ 2021 ಎಂದು ಕಂಡೊಡನೆ ನಗುವುದನ್ನು ನಿಲ್ಲಿಸೋಣ. ಆ ಪರೀಕ್ಷೆಯ ಕ್ರಮವನ್ನು ಆತ ಆರಿಸಿಕೊಂಡದ್ದಲ್ಲ. ಆ ವರ್ಷ ಆತನ ಮನೆಯಲ್ಲಿ ಯಾರು ತೀರಿಕೊಂಡರು, ಆತ ಎಲ್ಲಿ ಕೂಲಿ ಮಾಡಿದ ಎಂಬುದು ಆ ಕಾಗದದಲ್ಲಿ ಬರೆದಿರುವುದಿಲ್ಲ.

ಸಾಮತಿಯ ಕುರುಬನಿಗೆ ಒಂದು ಕುರಿ ಕಡಿಮೆ ಎಂದು ಗೊತ್ತಾದದ್ದು ಆತ ಎಣಿಸಿದ್ದರಿಂದ. ನಾವು ಇನ್ನೂ ಎಣಿಸಿಲ್ಲ. ಮುಂದಿನ ಭಾನುವಾರ ಪೂಜೆಯ ನಂತರ ಅಂಗಳದಲ್ಲಿ ನಿಂತು ಮಾತಾಡುವಾಗ, ಒಬ್ಬರನ್ನೊಬ್ಬರು ಈ ಒಂದು ಪ್ರಶ್ನೆ ಕೇಳೋಣ. ನಿಮ್ಮ ವಾಳೆಯಲ್ಲಿ ಆ ವರ್ಷ ಶಾಲೆ ಬಿಟ್ಟವರು ಯಾರು?