ಯಾವ ರಿವಾಲ್ವರ್, ಯಾವ ಬೋರ್?

ಮನೆಸಾಲ ತೀರಿತು, ಮಕ್ಕಳು ಸೆಟ್ಲ್ ಆದರು, ಇನ್ನು ಒಂದು ರಿವಾಲ್ವರ್ ತಗೊಳ್ಳೋಣ ಅನ್ನುವ ಆಸೆ ನಮ್ಮ ಪುಣೆಯ ಕನ್ನಡಿಗ ಮಿತ್ರರಲ್ಲಿ ಕೆಲವರಿಗೆ ಶುರುವಾಗಿದೆ. ಟಾರ್ಗೆಟ್ ಶೂಟಿಂಗಿಗೂ ಆಗಬೇಕಂತೆ, ಊರಿಗೆ ಹೋದಾಗ ತೋಟದ ಹಂದಿಗೂ ಆಗಬೇಕಂತೆ! ಬ್ಯಾಂಕಿನವನು, ಗನ್‌ಮ್ಯಾನ್ ಪಕ್ಕದಲ್ಲೇ ಇರ್ತಾನೆ ಅಂತ ನನ್ನನ್ನು ಕೇಳುತ್ತಾರೆ. (ಅವನ ಕೈಲಿರೋದು 12 ಬೋರ್ ಬಂದೂಕು, ಇರಲಿ.) ಭಾನುವಾರ ರೇಂಜಿಗೆ ಹೋಗುವ ಅಭ್ಯಾಸ ಇರೋದರಿಂದ ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ.

ಬೇಟೆಯ ಖಾತೆ ಯಾವತ್ತೋ ಕ್ಲೋಸ್ ಆಗಿದೆ. 1972ರ ವನ್ಯಜೀವಿ ಕಾಯ್ದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ ಆದಮೇಲೆ ಶೋಕಿಗೆ ಬೇಟೆ ಅನ್ನೋದು ನಮ್ಮ ದೇಶದಲ್ಲಿ ಇಲ್ಲ. ಇದ್ದ ಕಾಲದಲ್ಲಾದರೂ ರಿವಾಲ್ವರ್ ಹಿಡಿದು ಕಾಡಿಗೆ ಯಾರು ಹೋಗುತ್ತಿದ್ದರು? ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ನೆಚ್ಚಿಕೊಂಡಿದ್ದು .405 ವಿಂಚೆಸ್ಟರ್ ರೈಫಲ್ಲನ್ನು. ರಿವಾಲ್ವರಿನಲ್ಲಿ ಜಿಂಕೆ ಹೊಡೆಯೋದು ಅಮೆರಿಕದವರ ಹವ್ಯಾಸ. ಅವರು ಬಳಸೋದು 1935ರಲ್ಲಿ ಬಂದ .357 ಮ್ಯಾಗ್ನಮ್, 1955ರ .44 ಮ್ಯಾಗ್ನಮ್. ನಮಗೆ ಸುಲಭವಾಗಿ ಸಿಗುವ .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಗುಂಡಿನ ವೇಗ ಸೆಕೆಂಡಿಗೆ ಸುಮಾರು 700 ಅಡಿ, ಶಕ್ತಿ.357ರ ಕಾಲುಭಾಗವೂ ಕಷ್ಟ. ಹಂದಿ ಸಾಯೋದಿಲ್ಲ, ಗಾಯ ಮಾಡಿಕೊಂಡು ನಿಮ್ಮ ಮೇಲೇ ಬರುತ್ತೆ.

ಸರಿ, ಟಾರ್ಗೆಟ್ಟಿಗೆ? ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರನ್ನೇ ಎಲ್ಲರೂ ನೋಡಿರುತ್ತಾರೆ. 2014ರಲ್ಲಿ ಬಂದ 'ನಿರ್ಭೀಕ್' ಅರ್ಧ ಕೇಜಿ ತೂಕ, ಆಗಿನ ಬೆಲೆ ಸುಮಾರು 1.22 ಲಕ್ಷ. ಚೀಲದಲ್ಲಿ ಒಯ್ಯಲು ಮಾಡಿದ ಗಿಡ್ಡ ನಳಿಗೆಯ ಆಯುಧ ಅದು. 25 ಮೀಟರ್ ದೂರದ ಕಾಗದಕ್ಕೆ ಗುರಿಯಿಟ್ಟರೆ ಗುಂಡು ಎಲ್ಲೆಲ್ಲೋ ಹೋಗುತ್ತೆ, ಬೈಗುಳ ಮಾತ್ರ ನಮ್ಮ ಕೈಗೆ. ಹಾಗಂತ .32 ತೋಟಾನೇ ಕೆಟ್ಟದ್ದು ಅಂತಲ್ಲ. ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಇದೇ ತೋಟಾದ ಪಿಸ್ತೂಲುಗಳು ಬಹಳ. ಆದರೆ ಅವು ಉದ್ದ ನಳಿಗೆಯ, ಗುರಿಕಣ್ಣು ತಿರುಗಿಸಿ ಹೊಂದಿಸಬಹುದಾದ, ಅದಕ್ಕೇ ಅಂತ ಮಾಡಿದ ಪಿಸ್ತೂಲುಗಳು.

ನನ್ನ ಮಟ್ಟಿಗೆ ಬಂದೂಕು ಅಂತ ಕೊಂಡರೆ .22. ಒದೆತ ಇಲ್ಲ, ತೋಟಾ ಅಗ್ಗ, ಕೈ ಕಲಿಯುತ್ತೆ. ಅದಕ್ಕೂ ಮುಂಚೆ ಒಂದು ವರ್ಷ .177 ಏರ್ ಪಿಸ್ತೂಲ್. 20 ಜೂಲ್ ಒಳಗಿನದಕ್ಕೆ ಲೈಸೆನ್ಸೂ ಬೇಡ. ಜಾತ್ರೆ ಬಲೂನಿನ ಆಟ ಅಂತ ನಗಬೇಡಿ, ಹತ್ತು ಮೀಟರ್ ಆಚೆ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್. ಮನು ಭಾಕರ್ 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದಿದ್ದು ಇದರಲ್ಲೇ.

ಇನ್ನೊಂದು ಲೆಕ್ಕ. 2019ರ ತಿದ್ದುಪಡಿ ಆದಮೇಲೆ ಮಾಮೂಲು ಲೈಸೆನ್ಸಿನಲ್ಲಿ ಎರಡೇ ಬಂದೂಕು, ಮೊದಲು ಮೂರಿತ್ತು. ಇರೋ ಎರಡು ಜಾಗದಲ್ಲಿ ಒಂದನ್ನು, ಬೀರುವಿನಲ್ಲಿ ಮಲಗಿ ಚುನಾವಣೆ ಬಂದಾಗ ಮಾತ್ರ ಠಾಣೆಗೆ ಹೋಗಿಬರುವ .32ಗೆ ಯಾಕೆ ಕೊಡಬೇಕು ಹೇಳಿ?