ಮೂಗಿನಿಂದ ರಕ್ತ: ಗಾಬರಿಯೂ ಬೇಡ, ಅಲಕ್ಷ್ಯವೂ ಬೇಡ

ಮಗುವಿನ ಮೂಗಿನಿಂದ ನಾಲ್ಕು ಹನಿ ರಕ್ತ ಸುರಿದೊಡನೆ ‘ಮೈಗೆ ಉಷ್ಣವಾಗಿದೆ’ ಎಂದು ತಲೆಯನ್ನು ಹಿಂದಕ್ಕೆ ಬಾಗಿಸಿ, ನೆತ್ತಿಗೆ ತಣ್ಣೀರು ತಟ್ಟುವುದು ನಮ್ಮ ಮನೆಗಳ ರೂಢಿ. ಎಲ್ಲವನ್ನೂ ಉಷ್ಣದ ಮೇಲೆ ಹೊರಿಸುವುದರಿಂದ ಎರಡು ಹಾನಿಗಳುಂಟು. ಸುಲಭವಾಗಿ ನಿಲ್ಲಬಹುದಾದ ರಕ್ತ ನಿಲ್ಲುವುದಿಲ್ಲ. ಚಿಕಿತ್ಸೆ ಬೇಕಾದ ರೋಗ ತಿಳಿಯದೆಯೇ ಉಳಿಯುತ್ತದೆ.

ಎರಡು ಹೊಳ್ಳೆಗಳ ನಡುವಣ ಗೋಡೆಯ ಮುಂಭಾಗದಲ್ಲಿ ಹಲವು ಸಣ್ಣ ರಕ್ತನಾಳಗಳು ಬಲೆಯಂತೆ ಹೆಣೆದುಕೊಂಡಿವೆ. ಅವುಗಳ ಮೇಲಿನ ಪೊರೆ ಬಹಳ ತೆಳುವಾದುದು. ಮೂಗಿನ ರಕ್ತಸ್ರಾವಗಳಲ್ಲಿ ನೂರಕ್ಕೆ ಸುಮಾರು 90 ಇಲ್ಲಿಂದಲೇ ಹೊರಡುತ್ತವೆ. ಪೊರೆ ಒಣಗಿ ಬಿರಿದರೆ, ಉಗುರು ತಗುಲಿದರೆ, ನೆಗಡಿಯಲ್ಲಿ ರಭಸದಿಂದ ಸಿಂಬಳ ಸೀದರೆ ರಕ್ತ ಜಿನುಗುತ್ತದೆ.

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕಡೆ ಇದಕ್ಕೆ ಊರಿನ ಕಾರಣಗಳೂ ಕೂಡುತ್ತವೆ. ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ನಿನೊಳಗಿನ ಶಾಖ ಕಡೆಯ ಹಂತದಲ್ಲಿ ಸುಮಾರು 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಬಿಸಿಗಾಳಿ, ಸೌದೆಯ ಹೊಗೆ, ಒಣಸೊಪ್ಪಿನ ಧೂಳು, ಚಳಿಗಾಲದ ಒಣಗಾಳಿ, ನಸ್ಯದ ಅಭ್ಯಾಸ ಇವೆಲ್ಲವೂ ಮೂಗಿನ ಪೊರೆಯನ್ನು ಕೆರಳಿಸಬಲ್ಲವು. ಕೆಲಸದ ವೇಳೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು, ಮಕ್ಕಳನ್ನು ಬ್ಯಾರನ್ನಿನಿಂದ ದೂರವಿಡುವುದು ಒಳಿತು.

ರಕ್ತ ಬಂದಾಗ ರೋಗಿಯನ್ನು ಕುಳ್ಳಿರಿಸಿ, ತಲೆಯನ್ನು ತುಸು ಮುಂದಕ್ಕೆ ಬಾಗಿಸಬೇಕು. ಎಲುಬಿನ ಕೆಳಗಿನ ಮೆತ್ತನೆಯ ಭಾಗವನ್ನು ಎರಡು ಬೆರಳುಗಳಿಂದ 10ರಿಂದ 15 ನಿಮಿಷ, ನಡುವೆ ಬಿಟ್ಟು ನೋಡದೆ, ಒತ್ತಿ ಹಿಡಿಯಬೇಕು. ಉಸಿರಾಟ ಬಾಯಿಂದ ನಡೆಯಲಿ. ತಲೆಯನ್ನು ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗಿಳಿದು ವಾಂತಿಯಾಗಬಹುದು.

ಕೆಲವು ಲಕ್ಷಣಗಳನ್ನು ಮಾತ್ರ ಅಲಕ್ಷಿಸಲಾಗದು. ಮಗುವಿನ ಒಂದೇ ಹೊಳ್ಳೆಯಿಂದ ದುರ್ವಾಸನೆಯ ರಕ್ತ ಬಂದರೆ ಹುಣಸೆಬೀಜವೋ ಕಡಲೆಕಾಳೋ ಒಳಗೆ ಸಿಕ್ಕಿರಬಹುದು. ಹಳ್ಳ, ಕೆರೆಗಳ ನೀರು ಕುಡಿದ ಮೇಲೆ ಆಗಾಗ ರಕ್ತ ಕಂಡರೆ ಜಿಗಣೆ ಸೇರಿರಬಹುದು. ಮೂಗಿನಲ್ಲಿ ಕೆಂಪು ಮಾಂಸದ ಗಡ್ಡೆ ಬೆಳೆದು ಮುಟ್ಟಿದಾಗಲೆಲ್ಲ ರಕ್ತ ಬಂದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಹಿರಿಯರಲ್ಲಿ ರಕ್ತದೊತ್ತಡವನ್ನು ಪರೀಕ್ಷಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಜ್ವರದೊಡನೆ ಮೂಗು, ಒಸಡುಗಳಲ್ಲಿ ರಕ್ತ ಕಂಡರೆ ಡೆಂಗ್ಯೂ ಇರಬಹುದು. ಕಾಡಿನಂಚಿನವರಿಗೆ ಮತ್ತೊಂದು ಎಚ್ಚರವೂ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯು 2012ರಲ್ಲಿ, ನಮ್ಮ ಸೀಮೆಗೆ ಹೊಂದಿಕೊಂಡಿರುವ ಬಂಡೀಪುರದ ಅರಣ್ಯದಲ್ಲಿಯೂ ಕಾಣಿಸಿಕೊಂಡಿತ್ತು. ಉಣ್ಣೆಯ ಕಡಿತದಿಂದ ಹರಡುವ ಈ ರೋಗದಲ್ಲಿಯೂ ರಕ್ತಸ್ರಾವವಾಗುವುದುಂಟು. ಸತ್ತ ಮಂಗಗಳು ಕಂಡಲ್ಲಿ ಸುಳಿಯದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಇಂಥ ಜ್ವರಗಳಲ್ಲಿ ಆಸ್ಪಿರಿನ್ ನುಂಗುವುದು ಅಪಾಯಕರ.

ಬಿಡದೆ ಒತ್ತಿ ಹಿಡಿದರೂ 20 ನಿಮಿಷಗಳಲ್ಲಿ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದಿದ್ದರೆ, ರೋಗಿ ಬಿಳಿಚಿಕೊಂಡು ತಲೆಸುತ್ತಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಉಳಿದ ವೇಳೆ ಮಕ್ಕಳ ಉಗುರು ಕತ್ತರಿಸಿ, ರಕ್ತ ನಿಂತ ಮೇಲೆ ಹೊಳ್ಳೆಯೊಳಗೆ ತುಸು ವ್ಯಾಸಲಿನ್ ಸವರಿದರೆ ಸಾಕು. ಮನೆಯ ಹಿರಿಯರು ಧೈರ್ಯದಿಂದ ಕುಳಿತು ಮೂಗನ್ನು ಒತ್ತಿ ಹಿಡಿದರೆ, ಮಗುವಿನ ಅಳುವೂ ರಕ್ತವೂ ಬಹುಪಾಲು ಒಟ್ಟಿಗೇ ನಿಲ್ಲುತ್ತವೆ.