ಕುಂತಲ್ಲೇ ಅರ್ಜಿ

ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಕೆಲಸ ಹುಡುಕುವ ಜಾಲತಾಣ ನೌಕರಿ ಡಾಟ್ ಕಾಮ್ ಶುರುವಾದದ್ದೂ ಅದೇ ವರ್ಷ. ಬರೀ ಕಾಕತಾಳೀಯ. ಆದರೆ ಹೊಸ ಜಿಲ್ಲೆಯಲ್ಲಿ ಹುಟ್ಟಿದ ಮಕ್ಕಳು ಡಿಗ್ರಿ ಮುಗಿಸಿ ಕೆಲಸ ಹುಡುಕುವ ಹೊತ್ತಿಗೆ ಕಾಗದದ ಅರ್ಜಿ ಹೆಚ್ಚುಕಡಿಮೆ ಮಾಯವಾಗಿತ್ತು. ಪೊಲೀಸ್ ಇಲಾಖೆಯದಿರಲಿ, ಬ್ಯಾಂಕಿನದಿರಲಿ, ‘ಕಾಲ್‌ಫಾರ್ ಬಿಟ್ಟಾರ’ ಎಂಬ ಸುದ್ದಿ ಬರುವುದು ವಾಟ್ಸ್‌ಆ್ಯಪ್‌ನಲ್ಲಿ, ಅರ್ಜಿ ಹೋಗುವುದು ಸೈಬರ್ ಸೆಂಟರಿನಿಂದ. ಇದರಿಂದ ಒಳ್ಳೆಯದಾಯಿತೇ ಎಂದು ಕೇಳಿದರೆ ಹೌದು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಆ ಹೌದಿನ ಹಿಂದೆ ಕೆಲವು ತಕರಾರುಗಳಿವೆ.

ಹಳೆಯ ಕಾಲದ ಅರ್ಜಿಯ ಪಾಡು ಮರೆತವರಿಗೆ ಒಮ್ಮೆ ನೆನಪಿಸಬೇಕು. ಪೇಪರಿನಲ್ಲಿ ಬಂದ ಜಾಹೀರಾತು ಕತ್ತರಿಸಿಟ್ಟುಕೊಳ್ಳಬೇಕು, ಫಾರ್ಮ್ ತರಿಸಬೇಕು, ಬ್ಯಾಂಕಿನ ಸಾಲಿನಲ್ಲಿ ನಿಂತು ಡಿಡಿ ತೆಗೆಸಬೇಕು, ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಬೇಕು. ಆ ಸಹಿಗಾಗಿ ಪರಿಚಯದವರನ್ನು ಹುಡುಕಿಕೊಂಡು ಹೋಗುವುದೇ ಒಂದು ಅವಮಾನ. ಅಷ್ಟೆಲ್ಲ ಆಗಿ ರಿಜಿಸ್ಟರ್ಡ್ ಪೋಸ್ಟ್ ಮಾಡಿದರೂ ಅದು ಸುಮಾರು 340 ಕಿಲೋಮೀಟರ್ ದೂರದ ಬೆಂಗಳೂರಿಗೆ ಕೊನೆಯ ದಿನದೊಳಗೆ ಮುಟ್ಟಿತೋ ಇಲ್ಲವೋ ಎಂಬ ಚಿಂತೆ ತಪ್ಪುತ್ತಿರಲಿಲ್ಲ. ಹಿರೇಕೆರೂರಿನ ಹಳ್ಳಿಯ ಹುಡುಗಿಯೊಬ್ಬಳು ಇಷ್ಟು ಓಡಾಟವನ್ನು ಒಬ್ಬಳೇ ಮಾಡುವುದು ಸುಲಭವಿರಲಿಲ್ಲ; ಅಪ್ಪನೋ ಅಣ್ಣನೋ ಒಂದು ದಿನದ ಕೆಲಸ ಬಿಡಬೇಕಿತ್ತು.

ಆನ್‌ಲೈನ್ ಪದ್ಧತಿಯ ಗುಣ ಎದ್ದು ಕಾಣುವುದು ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕರ ನೇಮಕದಲ್ಲಿ. ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಕಂಪ್ಯೂಟರ್ ಪಟ್ಟಿ ತಯಾರಿಸುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಓದಿರಬೇಕೆಂಬ ಷರತ್ತಿದೆ. ಶುಲ್ಕ 100 ರೂಪಾಯಿ. ಮಹಿಳೆಯರಿಗೆ, ಪರಿಶಿಷ್ಟರಿಗೆ ಅದೂ ಇಲ್ಲ. ‘ಯಾರ ಕಡೆಯವರು’ ಎಂದು ಕೇಳುವ ಬಾಯಿಯೇ ಅಲ್ಲಿಲ್ಲ. ಆ ಪ್ರಶ್ನೆಗೆ ನಮ್ಮ ಕಡೆ ಎಷ್ಟು ತೂಕವಿದೆ ಎಂದು ಬಲ್ಲವರಿಗೆ ಇದರ ಬೆಲೆ ಗೊತ್ತು. ಆದರೆ ಇದೇ ಪಟ್ಟಿ ಇನ್ನೊಂದು ಕಡೆಯಿಂದ ಕ್ರೂರವಾಗಿಯೂ ಕಾಣುತ್ತದೆ. ಹದಿನೈದನೆಯ ವಯಸ್ಸಿನಲ್ಲಿ ಗಣಿತದಲ್ಲಿ ಎಡವಿದವನು ಇಪ್ಪತ್ತೈದರಲ್ಲಿ ಎಷ್ಟೇ ಚುರುಕಾಗಿದ್ದರೂ ಅದು ಕಂಪ್ಯೂಟರಿಗೆ ಬೇಕಿಲ್ಲ.

ಇನ್ನು ಸೈಬರ್ ಸೆಂಟರಿನ ಮಾತು. ಅರ್ಜಿ ಮೊಬೈಲಿನಲ್ಲೇ ತುಂಬಬಹುದು ಎನ್ನುವವರು ರಾಜ್ಯ ಸರ್ಕಾರಿ ಹುದ್ದೆಗಳ ಕೆಪಿಎಸ್‌ಸಿ ಅಥವಾ ಕೆಇಎ ಅರ್ಜಿಯನ್ನು ಒಮ್ಮೆ ತುಂಬಿ ನೋಡಲಿ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಅದರ ಅವಧಿ ಮುಗಿದಿರಬಾರದು. ಫೋಟೊ, ಸಹಿ ಹೇಳಿದಷ್ಟೇ ಕೆಬಿಯಲ್ಲಿರಬೇಕು. ಗ್ರಾಮೀಣ ಅಭ್ಯರ್ಥಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಿಗೆ ಇವೆರಡೂ ಆಸರೆ. ಆದರೆ ಆ ಕಾಲಮ್ಮಿನಲ್ಲಿ ಹೌದು ಎಂದು ಒತ್ತದೆ ಅರ್ಜಿ ಸಲ್ಲಿಸಿದರೆ ಆಮೇಲೆ ಪ್ರಮಾಣಪತ್ರ ಹಿಡಿದುಕೊಂಡು ಹೋದರೂ ಕೇಳುವವರಿಲ್ಲ. ಹಳೆಯ ಕಾಲದ ಗುಮಾಸ್ತ ಗದರುತ್ತಿದ್ದ ನಿಜ, ‘ಇಲ್ಲೊಂದು ಬಿಟ್ಟೀಯಲ್ಲೋ’ ಎಂದೂ ಹೇಳುತ್ತಿದ್ದ. ವೆಬ್‌ಸೈಟಿಗೆ ಅಂಥ ಬಾಯಿಯಿಲ್ಲ.

ಹಾಗಾಗಿ ಸೆಂಟರಿನವನೇ ಗುಮಾಸ್ತ, ವಕೀಲ, ಸಲಹೆಗಾರ ಎಲ್ಲ. ಯಾವ ಹುದ್ದೆಗೆ ಯಾವ ದಾಖಲೆ ಬೇಕೆಂದು ಎಷ್ಟೋ ಕಚೇರಿಯವರಿಗಿಂತ ಚೆನ್ನಾಗಿ ಬಲ್ಲ. ಅವನನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಗಡಿಬಿಡಿಯಲ್ಲಿ ತನ್ನದೇ ಇಮೇಲ್, ತನ್ನದೇ ಮೊಬೈಲ್ ನಂಬರ್ ಹಾಕಿಬಿಡುವ ರೂಢಿಯೂ ಕೆಲವೆಡೆ ಇದೆ. ಹಾಲ್ ಟಿಕೆಟ್ ಬಂದ ಸಂದೇಶ ಅವನಿಗೆ ಹೋಗುತ್ತದೆ, ಅಭ್ಯರ್ಥಿಗೆ ಪರೀಕ್ಷೆ ಮುಗಿದ ಮೇಲೆ ಗೊತ್ತಾಗುತ್ತದೆ.

ಖಾಸಗಿ ಕೆಲಸದ ಕಥೆ ಬೇರೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳು, ದಲಾಲಿ ಅಂಗಡಿಗಳು, ರಾಣೆಬೆನ್ನೂರಿನ ಬೀಜದ ಕಂಪನಿಗಳು ಎಷ್ಟೋ ಜನರಿಗೆ ಅನ್ನ ಕೊಡುತ್ತಿವೆ. ಅಲ್ಲಿನ ಲೆಕ್ಕ ಬರೆಯುವ, ಗೋದಾಮು ನೋಡಿಕೊಳ್ಳುವ ಕೆಲಸಗಳು ಉದ್ಯೋಗದ ಆ್ಯಪ್‌ಗಳಲ್ಲಿ ಕಾಣುವುದು ಅಪರೂಪ. ಒಬ್ಬರು ಇನ್ನೊಬ್ಬರಿಗೆ ಹೇಳಿ ಜನ ಸೇರುತ್ತಾರೆ. ಈ ದಾರಿಯಲ್ಲಿ ಬೇಗ ಕೆಲಸ ಸಿಗುತ್ತದೆ. ಆದರೆ ನೆಂಟಸ್ತಿಕೆ, ಜಾತಿ, ಓಣಿಯ ಲೆಕ್ಕವೂ ಬರುತ್ತದೆ, ಸಂಬಳ ಬಾಯಿಮಾತಿನಲ್ಲೇ ಉಳಿಯುತ್ತದೆ. ಆ್ಯಪ್ ಬೆಂಗಳೂರು, ಹುಬ್ಬಳ್ಳಿಯ ಕೆಲಸವನ್ನು ಸಂಬಳದ ಸಮೇತ ತೋರಿಸುತ್ತದೆ. ನೂರು ಕಡೆ ಅರ್ಜಿ ಒತ್ತಿದರೂ ಉತ್ತರ ಬಾರದಿರುವುದು ಅದರ ದೋಷ.

ಆನ್‌ಲೈನ್ ಆಗಿರುವುದು ಅರ್ಜಿಯೊಂದೇ ಅಲ್ಲ. ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿಯೂ ಇ-ಟೆಂಡರ್‌ನಲ್ಲೇ ಮಾರಾಟವಾಗುತ್ತದೆ. ಆದರೆ ದರ ನಮೂದಿಸುವ ಮುಂಚೆ ಖರೀದಿದಾರ ಅಂಗಡಿ ಅಂಗಡಿ ತಿರುಗಿ, ಕಾಯಿ ಕೈಯಲ್ಲಿ ಹಿಡಿದು ಬಣ್ಣ, ತೇವ ನೋಡುತ್ತಾನೆ. ಅರ್ಜಿದಾರನಿಗೆ ಆ ಭಾಗ್ಯವೂ ಇಲ್ಲ. ಅವನ ಬಯೋಡೇಟಾವನ್ನು ಯಾರಾದರೂ ತೆರೆದರೋ ಇಲ್ಲವೋ ಅದೂ ತಿಳಿಯದು. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೆ ತಿರುಗಿ ಬೆಂಕಿ ಹಚ್ಚುವವರೆಗೆ ಹೋಯಿತು. ಅದು ಸರಿಯಲ್ಲ. ಆದರೆ ಸಿಟ್ಟು ಹೇಳಿಕೊಳ್ಳಲು ಅವರ ಮುಂದೆ ಒಂದು ಕಚೇರಿಯಾದರೂ ಇತ್ತು.

ಅರ್ಜಿಗೆ ಉತ್ತರ ಬಾರದ ಈ ಮೌನದ ಲಾಭ ಪಡೆಯುವವರು ವಂಚಕರು. ಉತ್ತರಕ್ಕೆ ಕಾದು ಬೇಸತ್ತವನಿಗೆ ಟೆಲಿಗ್ರಾಮ್‌ನಲ್ಲಿ ‘ಮನೆಯಲ್ಲೇ ಕೆಲಸ’ ಎಂಬ ಸಂದೇಶ ಬರುತ್ತದೆ. ಮೊದಲು ಸಣ್ಣ ಮೊತ್ತ ಕೊಟ್ಟು ನಂಬಿಸಿ, ಆಮೇಲೆ ಡಿಪಾಸಿಟ್ ಕೇಳುತ್ತಾರೆ. ಕೆಲಸ ಕೊಡುವವರು ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಸುಲಭವಾದ ಅರ್ಜಿ ಹುದ್ದೆಯನ್ನು ಹೆಚ್ಚಿಸುವುದಿಲ್ಲ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1000 ಹುದ್ದೆಗಳಿಗೆ ಲಕ್ಷಗಟ್ಟಲೆ ಜನ ಅರ್ಜಿ ಹಾಕಿದರು. ಅದೇ ವರ್ಷದ ಅಕ್ಟೋಬರ್ ಕೊನೆಗೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ತೀರ್ಮಾನಿಸಿತು. ಒಳಮೀಸಲಾತಿ ನ್ಯಾಯವಾದ ಬೇಡಿಕೆ. ಕಾಯುತ್ತಿದ್ದವರ ವಯಸ್ಸು ಏರುತ್ತಿದ್ದುದೂ ನಿಜ. ಧಾರವಾಡದ ಕೋಚಿಂಗ್ ಓಣಿಗಳಲ್ಲಿ ಬಾಡಿಗೆ ಕೋಣೆ ಹಿಡಿದು ಓದುವ ನಮ್ಮ ಜಿಲ್ಲೆಯ ಹುಡುಗರಿಗೆ ಆಗ ತುಂಬಲು ಅರ್ಜಿಯೇ ಇರಲಿಲ್ಲ.

ತಕ್ಕಡಿ ಯಾವ ಕಡೆ ವಾಲುತ್ತದೆ? ಆನ್‌ಲೈನ್ ಕಡೆಗೇ ಎಂಬುದು ನನ್ನ ಅಭಿಪ್ರಾಯ. ಡಿಡಿ, ಅಟೆಸ್ಟೇಶನ್ನಿನ ಕಾಲಕ್ಕೆ ಮರಳಲು ಯಾರೂ ಒಪ್ಪಲಾರರು. ಅಭ್ಯರ್ಥಿಗಳು ಇಮೇಲ್, ಪಾಸ್‌ವರ್ಡ್ ತಮ್ಮದೇ ಇಟ್ಟುಕೊಳ್ಳಲಿ, ಸರ್ವರ್ ಕೈಕೊಡುವ ಕೊನೆಯ ದಿನದವರೆಗೆ ಕಾಯದಿರಲಿ. ಸರ್ಕಾರದ ಕಡೆಯಿಂದ ಎರಡು ಕೆಲಸ ಆಗಬೇಕು. ಅರ್ಜಿ ಹಾಕಿದ ಮೇಲೆ ಮೀಸಲಾತಿ ಕಾಲಂ ತಿದ್ದಿಕೊಳ್ಳಲು ಎಲ್ಲ ನೇಮಕಗಳಲ್ಲೂ ಕೆಲವು ದಿನ ಅವಕಾಶ ಕೊಡಬೇಕು, ಅದಕ್ಕೆ ನೆರವಾಗಲು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸಬೇಕು. ಎರಡನೆಯದು ಶುಲ್ಕ. ಕೆಪಿಎಸ್‌ಸಿ ಸಾಮಾನ್ಯ ವರ್ಗದವರಿಂದ 600, ಹಿಂದುಳಿದ ವರ್ಗದವರಿಂದ 300 ರೂಪಾಯಿ ಪಡೆಯುತ್ತ ಬಂದಿದೆ. ರೈಲ್ವೆ ನೇಮಕಾತಿ ಮಂಡಳಿಗಳು 2018ರಿಂದ 500 ರೂಪಾಯಿ ಪಡೆದು, ಪರೀಕ್ಷೆಗೆ ಹಾಜರಾದವರಿಗೆ 400 ವಾಪಸ್ ಕೊಡುತ್ತಿವೆ. ಮಹಿಳೆಯರು, ಪರಿಶಿಷ್ಟರು ಕಟ್ಟುವ 250 ಬ್ಯಾಂಕ್ ಶುಲ್ಕ ಬಿಟ್ಟರೆ ಪೂರ್ತಿ ಮರಳುತ್ತದೆ. ಕೇಂದ್ರಕ್ಕೆ ಸಾಧ್ಯವಾದದ್ದನ್ನು ಕರ್ನಾಟಕ ಸರ್ಕಾರವೂ ಮಾಡಲಿ.